ಮೊರ ನಿಂತಾಗ ಡ್ರಮ್ಮೂ ಕಾಯುತ್ತದೆ

ಬೆಳಗಿನ ಆರು ಗಂಟೆ. ಹಿರೇಗುಂಟನೂರಿನ ಅಂಗಳವೊಂದರಲ್ಲಿ ಒಂಬತ್ತು ಮಂದಿ ಹೆಂಗಸರು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಾರೆ. ಅವರ ನಡುವೆ ಮೊಣಕಾಲೂರಿ ಕುಳಿತ ಸುಚಿತ್ರಾ ಪುಟ್ಟ ಸ್ಪೀಕರಿಗೆ ವೈರು ಸಿಕ್ಕಿಸುತ್ತಿದ್ದಾರೆ. ಮನೆಯೊಡತಿ ರಂಗಕ್ಕ ಗೋಣಿಚೀಲವೊಂದನ್ನು ಮಡಿಸಿ ಅವರ ಮೊಣಕಾಲಡಿಗೆ ತಳ್ಳುತ್ತಾರೆ.

"ಹಾಕವ್ವ, ಕೇಳಾಣ. ಸುಲಿಯೋ ನಮ್ಮ ಕೈ ತಾಳ ತಪ್ಪಿದ್ವೋ, ನನ್ನ ಹಾಡು ನನಗೇ ವಾಪಸ್. ಮಾತು ಅಂದ್ರೆ ಮಾತು."

ಚಿತ್ರದುರ್ಗದಲ್ಲಿ ಮಿಕ್ಸಿ, ಸ್ಪೀಕರು ರಿಪೇರಿ ಮಾಡುವ ಸುಚಿತ್ರಾಗೆ ಈಗ ಮೂವತ್ತೊಂದು. ದಿನಕ್ಕೆ ಏಳೆಂಟು ರಿಪೇರಿ. ಅಂಗಡಿ ತೆರೆಯುವ ಮೊದಲಿನ ಮೂರು ಗಂಟೆ ಮಾತ್ರ ಸಂಗೀತಕ್ಕೆ. ಕೆಟ್ಟುಹೋದ ಮೂರು ಕಂಪ್ಯೂಟರುಗಳನ್ನು ಬಿಚ್ಚಿ ಒಂದು ಮಾಡಿಕೊಂಡಿದ್ದಾರೆ. ಗುಡ್ಡದ ಗಾಳಿಯಂತ್ರದ ಗುಂಯ್‌ಗುಡುವಿಕೆ, ಹಿರಿಯೂರಿನ ಕಾಲುವೆ ನೀರು, ಸವೆದ ಮಿಕ್ಸಿಯ ಗರಗರ ಎಲ್ಲವೂ ಅದರೊಳಗೆ ಹೋಗಿ ತಾಳವಾಗಿ, ರಾಗವಾಗಿ ಬರುತ್ತವೆ. ಒಮ್ಮೆ ಸಮಾರಂಭವೊಂದರಲ್ಲಿ "ವಾದ್ಯ ಎಲ್ಲಮ್ಮ?" ಎಂದು ಕೇಳಿ ವೇದಿಕೆಯಿಂದ ಇಳಿಸಿದ್ದರು. ತಾಯಿ ಪಾರ್ವತಮ್ಮನವರದು ಬೇರೆಯೇ ತಕರಾರು: "ಮಿಕ್ಸಿ ಸದ್ದು ನಿಲ್ಸು ಅಂತ ಜನ ತಂದು ಕೊಡ್ತಾರೆ. ಇವಳು ಅದನ್ನೇ ಹಿಡಿದಿಟ್ಕಂತಾಳೆ!"

ಐದು ವರ್ಷದ ದುಡಿಮೆ ಎಂಟು ಹಾಡುಗಳ ಆಲ್ಬಮ್ ಆಗುತ್ತಿದೆ. ಏಳು ಮುಗಿದಿವೆ. ಎಂಟನೆಯದು ರಂಗಕ್ಕ ಶೇಂಗಾ ಸುಲಿಸುತ್ತ ಹಾಡಿದ ಹಾಡು, ಅವರದೇ ದನಿಯಲ್ಲಿ ಹಿಡಿದಿಟ್ಟದ್ದು. ಅದಿಲ್ಲದೆ ಆಲ್ಬಮ್ ಬೇಡ ಎಂದು ಸುಚಿತ್ರಾ ನಿರ್ಧರಿಸಿಬಿಟ್ಟಿದ್ದಾರೆ.

ಹೋದ ತಿಂಗಳು ಇದೇ ಅಂಗಳದಲ್ಲಿ ಮೊದಲ ಸಲ ಕೇಳಿಸಿದಾಗ ಎರಡನೇ ಸಾಲಿಗೇ ಎಲ್ಲರ ಕೈ ತಪ್ಪಿತು. "ಏನವ್ವ, ಹಾಡಿಗೆ ಬಸ್ ಹಿಡಿಯೋ ಅರ್ಜೆಂಟಾ?" ಎಂದು ರಂಗಕ್ಕ ನಕ್ಕರು. ಸುಚಿತ್ರಾಗೆ ಅಳು ಬಂದಿತ್ತು. ತಪ್ಪು ಹಿಡಿದವರು ಹೊಳಲ್ಕೆರೆಯ ಪ್ರಸನ್ನಕುಮಾರ್. ಆಲ್ಬಮ್ಮಿಗೆ ಉರುಮೆ ಎಂಬ ನಾಡ ಡ್ರಮ್ಮು ಬಾರಿಸಿದವರು ಅವರೇ. ಬಸ್ಸು ಹತ್ತಿ ಬಂದು, ರಂಗಕ್ಕನ ಕೈಯನ್ನೇ ಒಂದು ಗಂಟೆ ನೋಡುತ್ತ ಕುಳಿತರು.

"ತಂಗೀ, ಆಯಮ್ಮ ಸಾಲು ಮುಗಿದಾಗ ಮೊರ ನಿಲ್ಸಿ ಜೊಳ್ಳು ಆರಿಸ್ತಾಳೆ. ಅಷ್ಟೊತ್ತಿಗೆ ಉಳಿದೋರು ಇನ್ನೊಂದು ಹಿಡಿ ಕಾಯಿ ತಗಂತಾರೆ. ಆ ಹೊತ್ತನ್ನ ನೀನು ಕತ್ತರಿಸಿ ಬಿಸಾಕೀಯಲ್ಲ!"

ನಿಜ. ಕಂಪ್ಯೂಟರಿನ ತಾಳಕ್ಕೆ ಹೊಂದಲೆಂದು ಆ ಮೌನವನ್ನೆಲ್ಲ ಸುಚಿತ್ರಾ ಅಳಿಸಿದ್ದರು. ಈಗ ಹದಿನಾಲ್ಕು ಕಡೆ ಮರಳಿ ಸೇರಿಸಿದ್ದಾರೆ. ಒಂದೊಂದೂ ಒಂದೊಂದು ಅಳತೆ. ಮೊರದಲ್ಲಿ ಜೊಳ್ಳು ಎಷ್ಟಿತ್ತೋ ಅಷ್ಟು.

ಹಾಡು ಶುರುವಾಗುತ್ತದೆ. ಮೊದಲ ಸಾಲು ಮುಗಿದು ಡ್ರಮ್ಮು ಗಕ್ಕನೆ ನಿಲ್ಲುತ್ತದೆ. ಒಂಬತ್ತು ಕೈಗಳು ರಾಶಿಗೆ ಇಳಿದು, ಹಿಡಿ ತುಂಬಿಕೊಂಡು ಮೇಲೇಳುವಷ್ಟರಲ್ಲಿ ಉರುಮೆ ಮತ್ತೆ ಗುಮುಗುಡುತ್ತದೆ. ಯಾರೂ ತಲೆ ಎತ್ತುವುದಿಲ್ಲ. ಮೂರನೇ ಸಾಲಿಗೆ ಮೂಲೆಯಲ್ಲಿದ್ದ ತಿಪ್ಪಮ್ಮ ದನಿಗೂಡಿಸುತ್ತಾರೆ. "ಲೇ, ಅದು ನಾನು ಹಾಡ್ತಿರೋದು, ನೀನು ಸುಮ್ಕಿರೇ!" ಎಂದು ಗದರಿದ ರಂಗಕ್ಕ ಮರುಗಳಿಗೆ ತಾವೇ ಹಾಡುತ್ತಾರೆ.

ಮುಗಿಯಿತು. ಸಿಪ್ಪೆಯ ಪಟಪಟ ಮಾತ್ರ ನಿಂತಿಲ್ಲ.

"ತಗಂಡು ಹೋಗವ್ವ," ಎನ್ನುತ್ತಾರೆ ರಂಗಕ್ಕ. "ಆದ್ರೆ ಇವರೆಲ್ರ ಹೆಸರೂ ಬರೀಬೇಕು. ಒಬ್ರನ್ನ ಬಿಟ್ಟೀಯಾ, ನಾಳೆ ನನಗೆ ಆಳು ಸಿಗಲ್ಲ."

ಸುಚಿತ್ರಾ ಒಂದೊಂದೇ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಖುಷಿಯಾಯಿತೇ ಎಂದರೆ ಕಣ್ಣೊರೆಸಿಕೊಂಡು ನಗುತ್ತಾರೆ:

"ಯಾರೂ ಚಪ್ಪಾಳೆ ಹೊಡೀಲಿಲ್ಲ, ನೋಡಿದ್ರಾ? ಎಲ್ರ ಕೈಯಾಗೂ ಕೆಲಸ ಇತ್ತು."