ಟೇಪಿನ ಆ ತುದಿ

ದೆವ್ವ, ಜಿನ್ನು ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿದವನು ನಾನು; ಗೋಡೆ ಬಿರುಕು ಬಿಟ್ಟರೆ ಅಡಿಪಾಯ ನೋಡು ಎನ್ನುವ ಜಾತಿ. ನೀವೂ ಹಾಗೆಯೇ ಆಗಿದ್ದರೆ ಇದನ್ನು ಓದಿ ಧಾರಾಳವಾಗಿ ನಗಿ, ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಸೌದಿಯಲ್ಲಿ ಎಂ.ಎಸ್. ಓದುತ್ತಿದ್ದಾಗ ನಮ್ಮನ್ನು ಜೆದ್ದಾದ ಹಳೇ ಪೇಟೆಗೆ ಕಳಿಸಿದ್ದರು. ಹವಳದ ಕಲ್ಲಿನ ಪುರಾತನ ಮನೆಗಳನ್ನು ಅಳೆದು ನಕ್ಷೆ ಮಾಡುವ ಕೆಲಸ. ನನ್ನ ಜೋಡಿ ಇಮ್ತಿಯಾಜ್, ಉಳ್ಳಾಲದ ಬ್ಯಾರಿ ಹುಡುಗ, ನಾನು ಕುಂದಾಪುರದವನು. ಊರಲ್ಲಿ ಪರಿಚಯವೇ ಇಲ್ಲದವರು ಅಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು.

ಅಲ್ಲಿನ ಹಳೇ ಮನೆಗಳ ಕೆಳಗೆ ಮಳೆನೀರು ತುಂಬಿಡುವ ನೆಲತೊಟ್ಟಿ ಇರುತ್ತದೆ. ನಮ್ಮ ಪಾಲಿಗೆ ಬಂದ ಮನೆಯ ತೊಟ್ಟಿ ಒಣಗಿ, ಎಷ್ಟೋ ಕಾಲದಿಂದ ಮುಚ್ಚಿಕೊಂಡಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ಮುಚ್ಚಳ ಸರಿಸಿದೆವು. ಒಳಗಿನ ಗಾಳಿ ಪರೀಕ್ಷಿಸದೆ ಇಳಿಯಬಾರದೆಂಬ ನಿಯಮವೇನೋ ಇತ್ತು. ಆದರೆ ನಾವು ಕರಾವಳಿಯವರು, ಬೇಸಿಗೆಯಲ್ಲಿ ಬಾವಿಗಿಳಿದು ಕೆಸರೆತ್ತಿ ಬೆಳೆದವರು.

"ಎಂತ ಮಾರಾಯ, ಇದು ನಮ್ಮನೆ ಬಾವಿಯ ಅರ್ಧ ಇಲ್ಲ. ಒಳಗೆ ಮಾತಾಡಿದ್ರೆ ಬರೀ ಪ್ರತಿಧ್ವನಿ. ಎರಡು ಸಲ ಎಳೆದ್ರೆ ಅಳತೆ ಬರ್ಕೊ, ಮೂರು ಸಲ ಎಳೆದ್ರೆ ನೀನೇ ಬಾ," ಎಂದು ಇಮ್ತಿಯಾಜ್ ಅಳತೆ ಟೇಪಿನ ತುದಿ ಹಿಡಿದು ಏಣಿಯಿಳಿದ. ಟೇಪು ಸುತ್ತಿದ ಡಬ್ಬಿ ನನ್ನ ಕೈಯಲ್ಲಿತ್ತು.

ಟೇಪು ಸರಸರನೆ ಬಿಚ್ಚುತ್ತ ಹೋಗಿ ನಿಂತಿತು. ಎರಡು ಎಳೆತ. ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಮೂರು.

"ಸಾಕು ನಿನ್ನ ತಮಾಷೆ, ಮೇಲೆ ಬಾ!" ಎಂದು ಕೂಗಿದೆ. ಅವನು ಹೀಗೆ ಕಾಡುವುದು ಹೊಸದಲ್ಲ. ಮತ್ತೆ ಮೂರು. ಆಮೇಲೆ ಬಿಡುವೇ ಇಲ್ಲದೆ, ಡಬ್ಬಿ ಕೈಯಿಂದ ಕಿತ್ತುಹೋಗುವ ಹಾಗೆ ಎಳೆತ. ಡಬ್ಬಿಯನ್ನು ಏಣಿಗೆ ಸಿಕ್ಕಿಸಿ ಕಾವಲುಗಾರನನ್ನು ಕರೆಯಲು ಓಡಿದೆ.

ಅವನೂ ಪಕ್ಕದ ಅಂಗಡಿಯವರೂ ದೊಡ್ಡ ಫ್ಯಾನು ತಂದು ಒಳಗೆ ಗಾಳಿ ಬಿಟ್ಟರು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೆ. ಇಮ್ತಿಯಾಜ್ ಏಣಿಯ ಬುಡದಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದ. ಟೇಪು ಅವನನ್ನು ದಾಟಿ ಎದುರಿನ ಗೋಡೆಯ ತನಕ ಬಿಗಿಯಾಗಿ ನಿಂತಿತ್ತು. ಟಾರ್ಚ್ ಹಾಕಿದೆ. ಅಲ್ಲಿ ಯಾರೂ ಇರಲಿಲ್ಲ. ತುದಿ ಸಿಕ್ಕಿಕೊಳ್ಳಲು ಒಂದು ಮೊಳೆಯೂ ಇರಲಿಲ್ಲ. ನಾನು ನೋಡುತ್ತಿದ್ದಂತೆಯೇ ಟೇಪು ಸಡಿಲವಾಗಿ ನೆಲಕ್ಕೆ ಬಿತ್ತು.

ಹೇಗೆ ಅವನನ್ನು ಹಗ್ಗಕ್ಕೆ ಕಟ್ಟಿದೆನೋ, ಹೇಗೆ ಮೇಲೆ ಬಂದೆನೋ, ದೇವರಿಗೇ ಗೊತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

"ಕೊನೇ ಮೆಟ್ಟಿಲಲ್ಲೇ ತಲೆ ತಿರುಗಿತು ಮಾರಾಯ. ಟೇಪ್ ಕೈಯಿಂದ ಜಾರಿದ್ದಷ್ಟೇ ನೆನಪು," ಎಂದ ಇಮ್ತಿಯಾಜ್, ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು. "ನಾನು ಎಳೆಯಲೇ ಇಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಫ್ಯಾನಿನ ಗಾಳಿ, ನನ್ನ ಗಾಬರಿ, ಅವನ ಮರೆವು ಎಂದು ಏನೇನೋ ಲೆಕ್ಕ ಹಾಕಿ ನೋಡಿದ್ದೇನೆ. ಒಂದೂ ಕೂಡಿಬರುವುದಿಲ್ಲ. ಅವನಿಗೆ ಏನೋ ಒಂದು ಹೇಳಿ ಜಾರಿಕೊಂಡೆ.

ಅವತ್ತು ಸಂಜೆ ಉಳ್ಳಾಲದಿಂದ ಅವನ ಉಮ್ಮ ಫೋನ್ ಮಾಡಿ ಅತ್ತರು. "ನನ್ನ ಮಗನ ಜೀವ ಉಳಿಸಿದ್ದು ನೀನು ಮಗಾ. ಪ್ರತಿ ನಮಾಜಿನಲ್ಲೂ ನಿನ್ನ ಹೆಸರು ಹೇಳಿ ದುವಾ ಮಾಡ್ತೇನೆ."

ಈಗಲೂ ಮಾಡುತ್ತಾರಂತೆ. ಆ ದುವಾ ನನಗೆ ಸೇರಬೇಕಾದ್ದಲ್ಲ ಉಮ್ಮಾ ಎನ್ನಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹಾಗಾದರೆ ಯಾರ ಹೆಸರು ಹೇಳಲಿ ಎಂದು ಅವರು ಕೇಳಿದರೆ?