ಬಾಲದಕ್ಕ ತುದಿಗೆ ಹೊರಟದ್ದು

ಆ ಮನೆಯಲ್ಲಿ ಎಲ್ಲಿ ಕೈ ಇಟ್ಟರೂ ಕಲ್ಲು. ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು, ಹಿಂಬಾಗಿಲಿಗೆ ಇನ್ನೊಂದು, ಕುಂಟುವ ಮೇಜಿನ ಕಾಲ ಕೆಳಗೆ ಚಪ್ಪಟೆಯದೊಂದು, ಬೆಕ್ಕಿಗೆ ಹೆದರಿ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಿದ್ದು ಮತ್ತೊಂದು. ಎಲ್ಲವೂ ಊರಿನ ನೆತ್ತಿಗೆ ನಿಂತ ಬೆಟ್ಟದ ತುತ್ತತುದಿಯಿಂದ ಬಂದವು. ತಂದವರು ಬೇರೆ ಬೇರೆ, ಆಡಿದ ಮಾತು ಒಂದೇ: "ನಿಮಗೋಸ್ಕರ ತಂದ್ವಿ ಅಕ್ಕ. ಪಾಪ, ನಿಮಗೆ ಬರೋಕಾಗಲಿಲ್ಲವಲ್ಲ."

ಕೊಟ್ಟವರ ಮುಂದೆ ಬಾಲದಕ್ಕ ನಗುತ್ತಿದ್ದಳು. ಅವರು ಬೀದಿ ತಿರುಗಿದ್ದೇ ತಡ, ಕಲ್ಲನ್ನು ನೆಲಕ್ಕೆ ಕುಕ್ಕುತ್ತಿದ್ದಳು. "ಬೆಟ್ಟ ಹತ್ತದೋಳ ಮನೆಗೆ ಬೆಟ್ಟಾನೇ ತಂದು ಸುರೀತಾರೆ."

ಹೊಲಿಗೆ ಯಂತ್ರದ ಮುಂದೆ ಕುಳಿತ ಗಂಡ ಸೂಜಿಯಿಂದ ಕಣ್ಣೆತ್ತದೆ ಹೇಳುತ್ತಿದ್ದ, "ಇನ್ನೊಂದಷ್ಟು ವರ್ಷ ತಡಿ. ನಮ್ಮ ಪಡಸಾಲೆಯಲ್ಲೇ ಶಿಖರ ಎದ್ದುಬಿಡುತ್ತೆ. ಕೂತಲ್ಲೇ ಹತ್ತಿಬಿಡು."

ಅವಳು ಬೆಟ್ಟ ಹತ್ತದವಳೇನಲ್ಲ. ಹಾಗೆ ನೋಡಿದರೆ ಅವಳಷ್ಟು ಸಲ ಆ ಬೆಟ್ಟಕ್ಕೆ ಕಾಲಿಟ್ಟ ಹೆಂಗಸು ಇನ್ನೊಬ್ಬಳಿರಲಿಲ್ಲ. ಬಂದವರನ್ನು ಗುಂಪು ಕಟ್ಟಿ ಶಿಖರಕ್ಕೆ ಕರೆದೊಯ್ಯುವುದು ಅವಳ ತವರಿನ ಕಸುಬು. ಗುಂಪಿಗೆ ಮುಂದೊಬ್ಬರು, ಹಿಂದೊಬ್ಬರು. ಮುಂದಿನವನು ಅವಳ ತಮ್ಮ. ಅವನು ದಾರಿ ತೋರಿಸುತ್ತಾನೆ, ನಡಿಗೆಯ ವೇಗ ಹಿಡಿತದಲ್ಲಿಡುತ್ತಾನೆ, ದಣಿದವರನ್ನು ನಗಿಸುತ್ತಾನೆ. ಹಿಂದಿನವಳು ಅವಳು, ಗುಂಪಿನ ಬಾಲ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಅಂಗಡಿಯವನೂ "ಬಾಲದಕ್ಕ, ಚಿಲ್ಲರೆ ಇದೆಯಾ" ಎಂದೇ ಕೇಳುತ್ತಿದ್ದ.

ಬಾಲದ ಕೆಲಸಕ್ಕೆ ಒಂದೇ ನಿಯಮ. ಆ ಬೆಟ್ಟದಲ್ಲಿ ಯಾರೂ ಒಬ್ಬರೇ ಇಳಿಯುವಂತಿಲ್ಲ. ಉಸಿರು ಸಾಲದವರು, ಕಾಲು ಉಳುಕಿಸಿಕೊಂಡವರು, ಮನೆ ನೆನೆದು ಅತ್ತವರು, ಯಾರೇ ಹಿಂದಕ್ಕೆ ತಿರುಗಲಿ, ಅವರನ್ನು ಇಳಿಸಿಕೊಂಡು ಬರುವುದು ಬಾಲದವರ ಪಾಲು. ಉಳಿದವರು ಮುಂದಿನವನ ಹಿಂದೆ ತುದಿಗೆ ಹೋಗುತ್ತಾರೆ. ತಿರುಗುವವರಿಲ್ಲದ ಗುಂಪು ಇವತ್ತಿನವರೆಗೆ ಬಂದಿರಲಿಲ್ಲ. ಹಾಗಾಗಿ ಬಾಲದಕ್ಕ ಹರೆಯದಿಂದ ತಲೆ ನರೆಯುವವರೆಗೆ ಹತ್ತಿದ್ದೂ ಹತ್ತಿದ್ದೇ, ಇಳಿದದ್ದೂ ಇಳಿದದ್ದೇ. ತುದಿಯನ್ನು ಮಾತ್ರ ಮುಟ್ಟಿರಲಿಲ್ಲ.

ಅವಳಿಗೆ ಆ ಜಾಗ ಕೊಟ್ಟವನು ಅಪ್ಪ. ಅವನು ಕಾಲು ಸೋತು ಕೊನೆಯ ಹಾಸಿಗೆ ಹಿಡಿದಾಗ ಮುಂದಿನವನ ಹಗ್ಗವನ್ನು ಮೀಸೆ ಚಿಗುರದ ಮಗನ ಹೆಗಲಿಗೆ ಹಾಕಿದ. ದಾರಿ ಬಲ್ಲ ಮಗಳು ಪಕ್ಕದಲ್ಲೇ ನಿಂತಿದ್ದಳು. "ಮುಂದೆ ನಡೆಯೋಕೆ ಕಾಲು ಸಾಕು ಮಗಳೇ, ಹಿಂದೆ ನಡೆಯೋಕೆ ಕಣ್ಣು ಬೇಕು. ಆ ಕಣ್ಣು ನಿನಗಿದೆ," ಎಂದ. ಬೆಣ್ಣೆ ಹಚ್ಚುತ್ತಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಸಾಯುವ ಅಪ್ಪನೊಡನೆ ಜಗಳವಾಡುವುದು ಹೇಗೆ ಎಂಬುದಷ್ಟೇ ಗೊತ್ತಾಗಿರಲಿಲ್ಲ.

ಈ ವರ್ಷ ಅವಳ ಮಂಡಿ ಮೆಟ್ಟಿಲಿಳಿಯುವಾಗ ಕಟಕಟ ಎನ್ನತೊಡಗಿತು. ಇದೇ ಕೊನೆಯ ಸಲ ಎಂದು ತನಗೆ ತಾನೇ ಹೇಳಿಕೊಂಡು, ಒಂದು ಬೆಳಿಗ್ಗೆ ತಮ್ಮನ ಕಚೇರಿಗೆ ಹೋದಳು. ಕಚೇರಿಯೆಂದರೆ ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆ. ಸೂರಿನಿಂದ ಹಗ್ಗಗಳು ಇಳಿಬಿದ್ದಿದ್ದವು. ಮೂಲೆಯ ಬಕೆಟ್ಟಿನಲ್ಲಿ ಊರುಗೋಲುಗಳು ಕೊಡೆಗಳ ಹಾಗೆ ನಿಂತಿದ್ದವು. ಕಿಟಕಿಯ ಸರಳಿಗೆ ಯಾರದೋ ಕಾಲುಚೀಲ ಒಣಹಾಕಿತ್ತು.

"ಈ ಸಲ ನಾನು ತುದಿಗೆ ಹೋಗ್ತೀನಿ," ಎಂದಳು.

ತಮ್ಮ ಊರುಗೋಲೊಂದರ ತಳದ ರಬ್ಬರು ಬದಲಿಸುತ್ತಿದ್ದ. "ಗುಂಪು ನೋಡೋಣ ಅಕ್ಕ. ಗಟ್ಟಿ ಗುಂಪು ಬಂದ್ರೆ ನೀನೂ ಬರ್ತೀಯ."

"ಗಟ್ಟಿ ಗುಂಪು ನಿನ್ನ ಮದುವೆಗೆ ಮುಂಚೆ ಹೊರಟಿದ್ದು. ಇನ್ನೂ ಬಂದು ತಲುಪಿಲ್ಲ."

"ಹಾಗಲ್ಲ. ನೀನಿಲ್ಲದಿದ್ರೆ ಹಿಂದೆ ಯಾರಿದ್ದಾರೆ ಹೇಳು. ನಿನ್ನಂಥ ಕಣ್ಣು ಯಾರಿಗಿದೆ."

"ಅಪ್ಪನ ಬೆಣ್ಣೆ ನೀನು ಹಚ್ಚಬೇಡ ಕಣೋ. ಅದು ಹಳಸಿ ವಾಸನೆ ಹೊಡೀತಿದೆ."

ಅವನು ತಲೆ ತಗ್ಗಿಸಿದ. ರಬ್ಬರು ಕೂತಿದ್ದರೂ ಅದನ್ನೇ ತಿರುವುತ್ತ ಕುಳಿತ. ಆಮೇಲೆ ಮೆಲ್ಲಗೆ, "ಆಯ್ತು. ಗುಡಿಸಲಿನ ಅಡುಗೆಯವನನ್ನ ಈ ಸಲ ಮೇಲಕ್ಕೆ ಕರ್ಕೊಳ್ಳೋಣ. ಯಾರೇ ತಿರುಗಿದ್ರೂ ಅವನು ಇಳಿಸ್ತಾನೆ. ನೀನು ಹಿಂದೆ ನೋಡಬೇಡ," ಎಂದ.

ಗೆದ್ದೆನೆಂದು ಅವಳಿಗೆ ಅನಿಸಲಿಲ್ಲ. ಇಷ್ಟು ಸುಲಭದ ಮಾತಿಗೆ ಇಷ್ಟು ವರ್ಷ ಬೇಕಾಯಿತೇ ಎಂದು ಮೈಯೆಲ್ಲ ಉರಿಯಿತು.

ಗುಂಪು ಸಣ್ಣದು. ಬ್ಯಾಂಕಿನ ಅಧಿಕಾರಿಯೊಬ್ಬರು, ಶಾಲೆ ಮೇಷ್ಟ್ರು ಮತ್ತು ಅವರ ಹೆಂಡತಿ, ಊರಿಗೆಲ್ಲ ವ್ಯಾಯಾಮ ಹೇಳಿಕೊಡುವ ಒಬ್ಬ ಜಿಮ್ಮಿನವ. ರಾತ್ರಿ ತಂಗುವ ಮೇಲಿನ ಗುಡಿಸಲಿನವರೆಗೆ ಎಲ್ಲರೂ ಹಾಡಿಕೊಂಡೇ ಹತ್ತಿದರು. ಮರುದಿನ ಬೆಳಿಗ್ಗೆ ಗುಡಿಸಲು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬ್ಯಾಂಕಿನವರು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಬಾಲದಕ್ಕನ ಕಾಲು ತಾನಾಗಿಯೇ ಅವರ ಕಡೆ ತಿರುಗಿತು. ಅಡುಗೆಯವನು ಅಡ್ಡ ಬಂದ.

"ಅಕ್ಕ, ಇವತ್ತು ಇವರು ನನ್ನ ಪಾಲು. ನೀವು ನಡೀರಿ. ನಾನು ಇವರಿಗೆ ಸೂಪು ಕುಡಿಸಿ ಕೂರಿಸ್ತೀನಿ."

"ನಾನೂ ಸಾಲ ವಸೂಲಿಗೆ ಬಂದವನ ಹಾಗೆ ಓಡೋಡಿ ಹತ್ತಿದೆ," ಎಂದು ಬ್ಯಾಂಕಿನವರು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಅಡುಗೆಯವನ ತೋಳು ಹಿಡಿದು ಇಳಿಯತೊಡಗಿದರು. ಅವರಿಬ್ಬರೂ ಸಣ್ಣವರಾಗುತ್ತ ಹೋಗುವುದನ್ನು ಬಾಲದಕ್ಕ ನೋಡಿದಳು. ಇಳಿಯುವವರನ್ನು ಮೇಲಿನಿಂದ ನೋಡುವುದು ಅವಳಿಗೆ ಅದೇ ಮೊದಲು. ಆಮೇಲೆ ಅವಳು ಹತ್ತಿದಳು. ಮಂಡಿ ನೋಯುತ್ತಿತ್ತು. ಆ ನೋವಿಗೂ ಒಂದು ಸಡಗರವಿತ್ತು.

ದಾರಿ ಅಲ್ಲಿಂದ ಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ಒಂದೊಂದು ತಿರುವಿನಲ್ಲೂ ಹಿಂದಿನವರಿಗೆ ಮುಂದಿನವನು ತಲೆಯ ಮೇಲೆ ಕಾಣುತ್ತಾನೆ. ಮೊದಲ ತಿರುವಿನಲ್ಲಿ ತಮ್ಮ ನಿಂತು ಗುಂಪಿಗೆ ತನ್ನ ಹಳೆಯ ಹಾಸ್ಯ ಹೇಳಿದ. "ಈ ಬಂಡೆ ಮೊದಲು ನೆಟ್ಟಗಿತ್ತು. ನಮ್ಮಕ್ಕನ ಬೈಗುಳ ಕೇಳಿ ಕೇಳಿ ಬೆನ್ನು ಬಗ್ಗಿ ಹೋಯ್ತು."

ಎಲ್ಲರೂ ನಕ್ಕರು. ಬಾಲದಕ್ಕ ನಗಲಿಲ್ಲ. ಆ ಹಾಸ್ಯ ಗುಡಿಸಲು ದಾಟಿದೊಡನೆ ಸಿಗುವ ಗೂನುಬಂಡೆಯದು. ವರ್ಷಗಟ್ಟಲೆ ಅವನು ಅದನ್ನು ಗೂನುಬಂಡೆಗೆ ಒರಗಿ ನಿಂತೇ ಹೇಳಿದ್ದ. ಗೂನುಬಂಡೆಯನ್ನು ದಾಟಿ ಎಷ್ಟೋ ಹೊತ್ತಾಗಿತ್ತು. ಇಲ್ಲಿ ಬಂಡೆಯೇ ಇರಲಿಲ್ಲ, ಬರೀ ಜಾರುವ ಜಲ್ಲಿ.

ಮುಂದಿನ ತಿರುವಿನಲ್ಲಿ ಮತ್ತೆ ನಿಂತ. "ಈ ಬಂಡೆ ಮೊದಲು ನೆಟ್ಟಗಿತ್ತು," ಎಂದ.

ಈ ಸಲ ಮೇಷ್ಟ್ರ ಹೆಂಡತಿಯೊಬ್ಬರೇ ಮರ್ಯಾದೆಗೆ ನಕ್ಕರು.

ಎತ್ತರ ಹಿಡಿಯುವುದು ಎನ್ನುತ್ತಾರೆ ಆ ಕಸುಬಿನವರು. ಗಾಳಿ ತೆಳ್ಳಗಾದಂತೆ ಮೊದಲು ತಲೆ ನೋಯುತ್ತದೆ, ಆಮೇಲೆ ಬುದ್ಧಿ ಮಸುಕಾಗುತ್ತದೆ, ಕಾಲು ಕುಡಿದವನ ಕಾಲಾಗುತ್ತದೆ. ಇಳಿಸಿದರೆ ಬದುಕುತ್ತಾರೆ. ಹತ್ತಿಸಿದರೆ ಉಳಿಯುವುದಿಲ್ಲ. ಅದು ಹೊಸಬರನ್ನೇ ಹಿಡಿಯಬೇಕೆಂದಿಲ್ಲ. ಆದರೆ ಬಾಲದವರ ಕಣ್ಣು ಇರುವುದು ಗುಂಪಿನ ಮೇಲೆ. ಮುಂದಿನವನನ್ನು ಕಾಯಲು ಯಾವ ಅಪ್ಪನೂ ಯಾರನ್ನೂ ನೇಮಿಸಿರಲಿಲ್ಲ.

ಬಾಲದಕ್ಕ ತಲೆಯೆತ್ತಿದಳು. ತುದಿ ಕಾಣುತ್ತಿತ್ತು. ಅಲ್ಲಿ ಯಾರೋ ಪೇರಿಸಿದ ಕಲ್ಲಿನ ಗುಪ್ಪೆ, ಅದರ ಆಚೆ ಬರೀ ಆಕಾಶ. ಸ್ವಲ್ಪವೇ ದೂರ. ಅಡುಗೆಯವ ಇಳಿದು ಹೋಗಿದ್ದಾನೆ. ಈಗ ತಮ್ಮ ತಿರುಗಿದರೆ ಅವನನ್ನು ಇಳಿಸುವವಳು ತಾನೇ. ಗುಂಪೂ ತಿರುಗಬೇಕು. ಒಂದು ತಿರುವಿನವರೆಗೆ ಅವಳು ಬಾಯಿ ಬಿಡಲಿಲ್ಲ. ದಣಿದಿರಬೇಕು ಅಂದುಕೊಂಡಳು. ಮರೆತಿರಬೇಕು, ವಯಸ್ಸಾಯಿತಲ್ಲ ಅಂದುಕೊಂಡಳು. ಆ ತಿರುವಿನ ಕೊನೆಯಲ್ಲಿ ಅವನ ಬಲಗೈ ಕಂಡಿತು. ಕೈಗವಸು ಇರಲಿಲ್ಲ. ಚಳಿಗೆ ಬೆರಳುಗಳು ಮೇಣದ ಹಾಗಾಗಿದ್ದವು. ಅವನಿಗೆ ಅದರ ಅರಿವೇ ಇರಲಿಲ್ಲ.

ಬಾಲದವರು ಯಾರನ್ನೂ ದಾಟಿ ಹೋಗಬಾರದು. ಅವಳು ಎಲ್ಲರನ್ನೂ ದಾಟಿದಳು.

"ನಿನ್ನ ಕೈಗವಸು ಎಲ್ಲೋ?"

ಅವನು ಎಡಗೈ ಎತ್ತಿ ತೋರಿಸಿದ. "ಇದೆಯಲ್ಲ."

"ಇನ್ನೊಂದು?"

ಬಹಳ ಹೊತ್ತು ಯೋಚಿಸಿದ. "ನೀನ್ಯಾಕೆ ಮುಂದೆ ಬಂದೆ? ನಾನು ಚೆನ್ನಾಗಿದ್ದೀನಿ. ಹಿಂದೆ ಹೋಗು."

ಹಿಂದೆ ಹೋಗು. ಆ ಎರಡು ಪದಕ್ಕೆ ಅವಳೊಳಗೆ ಇಷ್ಟು ವರ್ಷ ಮಡಚಿಟ್ಟಿದ್ದದ್ದೆಲ್ಲ ಬಿಚ್ಚಿಕೊಂಡಿತು. ಅವನ ಸೊಂಟದ ಹಗ್ಗದ ತುದಿಯನ್ನು ಕಿತ್ತು ತನ್ನ ಸೊಂಟಕ್ಕೆ ಬಿಗಿದಳು. ತನ್ನ ಕೈಗವಸು ಬಿಚ್ಚಿ ಅವನ ಕೈಗೆ ತುರುಕಿದಳು. ಗುಂಪಿನ ಕಡೆ ತಿರುಗಿ, "ಎಲ್ಲರೂ ಇಳೀರಿ," ಎಂದಳು.

"ಇಲ್ಲೇ ಇದೆಯಲ್ಲ ತುದಿ," ಎಂದ ಜಿಮ್ಮಿನವ. "ನೀವಿಬ್ಬರೂ ಇಳೀರಿ. ನಾವು ಹೋಗಿ ಮುಟ್ಟಿ ಬರ್ತೀವಿ. ಕಣ್ಣಿಗೆ ಕಾಣ್ತಿದೆ."

"ಚಂದ್ರನೂ ಕಣ್ಣಿಗೆ ಕಾಣ್ತಾನೆ. ನಡಿ ಕೆಳಗೆ."

"ನೀವು ಒಂದು ಸಲಾನೂ ಅಲ್ಲಿಗೆ ಹೋಗಿಲ್ವಂತೆ. ನಿಮಗೇನು ಗೊತ್ತು?"

ಮೇಷ್ಟ್ರು ಅವನ ತೋಳು ಜಗ್ಗಿದರು. ಗಾಳಿ ಬೀಸಿ ನಿಂತಿತು. ಬಾಲದಕ್ಕ ಒಂದು ಸಲ ಆ ಕಲ್ಲಿನ ಗುಪ್ಪೆಯನ್ನು ನೋಡಿದಳು.

"ತುದಿ ಗೊತ್ತಿಲ್ಲಪ್ಪ. ಇಳಿಯೋದು ಗೊತ್ತು. ಈ ಬೆಟ್ಟದಲ್ಲಿ ನನ್ನಷ್ಟು ಇಳಿದೋರು ಯಾರೂ ಇಲ್ಲ. ಈಗ ನೀನಾಗಿ ಇಳೀತೀಯೋ, ನಿನ್ನನ್ನೂ ಹಗ್ಗಕ್ಕೆ ಕಟ್ಟಲೋ?"

ಅವನು ಗೊಣಗಿಕೊಂಡೇ ತಿರುಗಿದ.

ಆ ಇಳಿತದಲ್ಲಿ ಅವಳೇ ಮುಂದಿದ್ದಳು. ಬೆನ್ನ ಹಿಂದೆ ಗಿಡ್ಡ ಹಗ್ಗದಲ್ಲಿ ತಮ್ಮ, ಅವನ ಹಿಂದೆ ಉಳಿದವರು. ತಮ್ಮ ಎರಡು ಕಡೆ ವಾಂತಿ ಮಾಡಿಕೊಂಡ, ಒಂದು ಕಡೆ ಮಲಗುತ್ತೇನೆಂದು ಹಟ ಹಿಡಿದ. ಅವಳು ದಾರಿಯುದ್ದಕ್ಕೂ ಬೈದಳು. ಅಪ್ಪನನ್ನು ಬೈದಳು, ಹಗ್ಗವನ್ನು ಬೈದಳು, ಚಿಕ್ಕಂದಿನಲ್ಲಿ ಇವನನ್ನು ಕಂಕುಳಲ್ಲಿ ಹೊತ್ತು ತಿರುಗಿದ ತನ್ನ ಸೊಂಟವನ್ನೇ ಬೈದಳು. "ಎಡಗಾಲು ಇಡು, ದರಿದ್ರದವನೇ. ಇನ್ನೊಂದು. ಅದು ಎಡಗಾಲಾ? ಇಷ್ಟು ವರ್ಷ ಊರಿಗೆಲ್ಲ ನಡೆಯೋದು ಕಲಿಸಿದ್ದು ಈ ಕಾಲಲ್ಲೇನಾ?" ಬೈಗುಳ ನಿಂತರೆ ಅವನೂ ನಿಲ್ಲುತ್ತಿದ್ದ. ಅದಕ್ಕೇ ಅವಳು ನಿಲ್ಲಿಸಲಿಲ್ಲ. ಗೂನುಬಂಡೆಯ ಹತ್ತಿರ ಬರುವಷ್ಟರಲ್ಲಿ ಗಂಟಲು ಹರಿದು ದನಿ ಗೊಗ್ಗರಾಗಿತ್ತು.

ಗುಡಿಸಲಿನಲ್ಲಿ ಅಡುಗೆಯವನ ಬಿಸಿನೀರು, ಕಂಬಳಿ, ಒಲೆಯ ಕಾವು. ಬಿಸಿಲಿಳಿಯುವ ಹೊತ್ತಿಗೆ ತಮ್ಮನ ಕಣ್ಣಿಗೆ ಜೀವ ಬಂತು. ಉಳಿದವರು ಹೊರಗೆ ಕುಳಿತಿದ್ದರು. ಬಾಲದಕ್ಕ ಅವನ ಬೆರಳುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಡಿದಿದ್ದಳು.

"ನಿನ್ನೆಯಿಂದಾನೇ ತಲೆ ಸಿಡೀತಿತ್ತು ಅಕ್ಕ," ಎಂದ.

"ನಿನ್ನೆಯಿಂದ. ಬಾಯಿಗೆ ಏನಾಗಿತ್ತು?"

"ನಾನು ತಿರುಗಿದ್ರೆ ನೀನೂ ತಿರುಗಬೇಕಿತ್ತಲ್ಲ. ನೀನೊಂದು ಸಲ ಹೋಗಲಿ ಅಂತ."

ಅವಳು ಅವನ ಕೈಯನ್ನು ನೀರಿನಲ್ಲೇ ಬಿಟ್ಟು ಎದ್ದಳು. ಸಂಜೆಯ ಬೆಳಕಿನಲ್ಲಿ ಅವಳ ಮುಖ ಕೆಂಡವಾಗಿತ್ತು.

"ಅಂದ್ರೆ ನಾನು ಆ ಗುಪ್ಪೆ ಹತ್ರ ನಿಂತು, ನನ್ನ ಆಸೇನೇ ನಿನ್ನ ಕೊಂದಿತು ಅಂತ ತಿಳ್ಕೋಬೇಕಿತ್ತಾ? ಇಷ್ಟು ವರ್ಷ ಒಂದು ಸಲ ಮುಂದೆ ಬಾ ಅನ್ನಲಿಲ್ಲ. ಅನ್ನೋ ದಿನ ಪ್ರಾಣಾನೇ ಕೊಡೋಕೆ ಹೊರಟೆ. ನಡುವೆ ಬೇರೆ ಯಾವುದೂ ಇರಲಿಲ್ವಾ ನಿನಗೆ?"

ನೀರು ಆರುತ್ತಿತ್ತು. ಅವಳು ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬೇರೆ ಬಿಸಿನೀರು ತಂದು ಬೋಗುಣಿಗೆ ಸುರಿದು, ಮತ್ತೆ ಅವನ ಬೆರಳು ಹಿಡಿದಳು.

ಊರಿಗೆ ಬಂದು ಮಂಡಿಯ ಊತ ಇಳಿದ ಮೇಲೆ ಬಾಲದಕ್ಕ ಮನೆಯ ಕಲ್ಲುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದಳು. ಕೈಗಾಡಿಯಲ್ಲಿ ತಳ್ಳಿಕೊಂಡು ತಮ್ಮನ ಕೋಣೆಗೆ ಹೋಗಿ ಬಾಗಿಲಲ್ಲೇ ಸುರಿದಳು. ಬೀಗ ರಿಪೇರಿಯವನು ಸದ್ದಿಗೆ ಎದ್ದು ಬಂದ.

"ಏನಕ್ಕ ಇದು?" ಎಂದ ತಮ್ಮ. ಅವನ ಬಲಗೈಗೆ ಇನ್ನೂ ಪಟ್ಟಿ ಸುತ್ತಿತ್ತು.

"ನಿಮ್ಮ ಶಿಖರ. ವಾಪಸ್ ತಗೋ. ಇನ್ಮೇಲೆ ನನ್ನ ಮನೆಗೆ ಒಂದು ಕಲ್ಲು ಬಂದ್ರೂ ತಂದವರ ತಲೆ ಮೇಲೇ ಇಡ್ತೀನಿ."

ಅವನು ಒಳಗೆ ಹೋಗಿ ಮೊಳೆಯಿಂದ ಮುಂದಿನವನ ಹಗ್ಗ ತೆಗೆದು ತಂದ. ಅಪ್ಪನದೇ ಹಗ್ಗ, ಗಂಟುಗಳಲ್ಲಿ ಕಪ್ಪಾಗಿತ್ತು. ಪಟ್ಟಿ ಕಟ್ಟಿದ ಕೈಯಲ್ಲೇ ಅದನ್ನು ಅವಳ ಮುಂದೆ ಚಾಚಿದ. "ಮುಂದಿನ ಗುಂಪಿಗೆ ನೀನು ಮುಂದೆ ನಡಿ. ನಾನು ಬಾಲ."

ಬಾಲದಕ್ಕ ಹಗ್ಗವನ್ನೂ ಅವನನ್ನೂ ನೋಡಿದಳು.

"ಈಗ ಕೊಡ್ತೀಯಾ? ಮಂಡಿ ಸವೆದ ಮೇಲೆ?"

ಅವಳು ಹಗ್ಗ ಮುಟ್ಟಲಿಲ್ಲ. ಖಾಲಿ ಗಾಡಿ ಬೀದಿಯುದ್ದಕ್ಕೂ ಗಡಗಡಿಸುತ್ತ ಮನೆ ಸೇರಿತು.

ಆ ಮಧ್ಯಾಹ್ನ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ತಡೆಯುವ ಕಲ್ಲಿಲ್ಲದೆ ಮುಂಬಾಗಿಲು ಧಡಾರನೆ ಬಡಿಯಿತು, ಅದರ ಹಿಂದೆಯೇ ಹಿಂಬಾಗಿಲು. ಮೇಜು ಕುಂಟಿತು. ಬೆಕ್ಕು ಹಾಲಿನ ಪಾತ್ರೆಯ ಕಡೆ ನೋಡುತ್ತಿತ್ತು. ಗಂಡ ಹೊಲಿಗೆ ನಿಲ್ಲಿಸಿ, "ಅಲ್ಲ ಕಣೇ, ಒಂದನ್ನಾದ್ರೂ ಉಳಿಸ್ಕೋಬಾರದಿತ್ತಾ? ಹೀಗೇ ಬಡ್ಕೊಳ್ತಾ ಇದ್ರೆ ಬಾಗಿಲು ಮುರಿದು ಹೋಗುತ್ತೆ," ಎಂದ.

ಅವಳು ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದಳು. ತಲೆಯೆತ್ತಲಿಲ್ಲ.

"ಬಡ್ಕೊಳ್ಳಲಿ," ಎಂದಳು.