ಗಾಲಿ ಬಿಚ್ಚಿದ ಟಂಟಂನ ಅತಿವೇಗ

ಪೊಲೀಸರಿಗೆ ವಾಹನ ಅಪಘಾತದ ತನಿಖೆ ಕಲಿಸುವ ಎರಡು ದಿನದ ತರಬೇತಿಗೆ ಆತಿಥ್ಯ ವಹಿಸುವ ಪುಣ್ಯ ರೋಣದ ಕಡೆಯ ನಮ್ಮ ಐಟಿಐಗೆ ಒದಗಿ ಬಂತು. ನಾನು ಅಲ್ಲಿ ಮೋಟಾರು ರಿಪೇರಿ ಕಲಿಸುವ ಮಾಸ್ತರ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಇಪ್ಪತ್ತು ಮಂದಿ ಬಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಬಂದಿದ್ದಾರೆ ಎಂದು ನನಗೆ ಒಳಗೊಳಗೇ ಉರಿ. ಹೋದ ವರ್ಷವೇ ನನ್ನ ಅಣ್ಣನ ಮೇಲೆ ಕೇಸು ಬಿದ್ದಿತ್ತು.

ಅಣ್ಣ ಉಳ್ಳಾಗಡ್ಡಿ ಸಾಗಿಸುವ ಟಂಟಂ ಓಡಿಸುತ್ತಿದ್ದ. ಕೊಣ್ಣೂರಿನ ಈಚೆ, ನಮ್ಮೂರ ಹತ್ತಿರವೇ ಪಂಚರ್ ಆಯಿತು. ಜ್ಯಾಕ್ ಹಚ್ಚಿ ಹಿಂದಿನ ಗಾಲಿ ಬಿಚ್ಚಿದ್ದಾಗ ಲಾರಿಯೊಂದು ಬಂದು ಗುದ್ದಿತು. ಪಂಚನಾಮೆಯಲ್ಲಿ ಬರೆದದ್ದು, ‘ಟಂಟಂ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಲಾರಿಗೆ ಅಡ್ಡ ಬಂದು’. ಮೂರು ಗಾಲಿಯ ಗಾಡಿ ಎರಡೇ ಗಾಲಿಯ ಮೇಲೆ ಅತಿವೇಗ! ಲಾರಿಯ ಕ್ಲೀನರನ ಕಾಲು ಮುರಿದಿತ್ತು. ಕೇಸು ಇನ್ನೂ ಕೋರ್ಟಿನಲ್ಲೇ ಇತ್ತು. ತಪ್ಪು ಅಣ್ಣನದೇ ಎಂದಾದರೆ ಲೈಸೆನ್ಸು ಹೋಗುತ್ತಿತ್ತು, ಜೈಲಿನ ಮಾತೂ ಇತ್ತು.

ಅಭ್ಯಾಸಕ್ಕೆ ಜಜ್ಜಿದ ಗಾಡಿಯೊಂದು ಬೇಕೆಂದರು. ನಂಬರ್ ಪ್ಲೇಟು ಬಿಚ್ಚಿ ಅಣ್ಣನ ಟಂಟಮ್ಮನ್ನೇ ತಂದು ನಿಲ್ಲಿಸಿದೆ. ಆ ಪಂಚನಾಮೆ ಬರೆದ ಹವಾಲ್ದಾರರೂ ಬಂದಿದ್ದರು. ಗಾಡಿಯ ಗುರುತು ಹಿಡಿಯಲಿಲ್ಲ. ಹಿಡಿಯಲು ಅಂದು ಹತ್ತಿರ ಹೋಗಿ ನೋಡಿರಬೇಕಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಬರೆದ ಪಂಚನಾಮೆ ಅದು.

ಸ್ಥಳದಲ್ಲಿ ಏನನ್ನೂ ಮುಟ್ಟಬಾರದು, ಸರಿಸಬಾರದು ಎಂದು ಹೊರಗಿನಿಂದ ಬಂದ ತಜ್ಞರು ಬೆಳಗೆಲ್ಲ ಹೇಳಿದರು. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ. ಶಾಸ್ತ್ರ ಹೇಳುವುದೂ ಬದನೆಕಾಯಿ ತಿನ್ನುವುದೂ ಒಂದೇ ದಿನ ಮುಗಿಯಿತು.

ಮರುದಿನ ಪರೀಕ್ಷೆ. ಹವಾಲ್ದಾರರು ಹೊಟ್ಟೆ ಎಳೆದುಕೊಂಡು ಗಾಡಿಯ ಕೆಳಗೆ ನುಗ್ಗಿದರು. ಬಹಳ ಹೊತ್ತಿನ ಮೇಲೆ ಮೈಯೆಲ್ಲ ಮಣ್ಣಾಗಿ ಹೊರಬಂದರು.

“ಈ ಗಾಲಿ ನೋಡ್ರಿ ಸರ. ಹಿಂದಿನ ಬಾಡಿ ಎಲ್ಲಾ ಚಪ್ಪಟಿ ಆಗೇತಿ, ಇದಕ್ಕ ಒಂದ ಗೀರಿಲ್ಲ. ಒಳಗಿನ ಡ್ರಮ್ ಮಾತ್ರ ಡಾಂಬರಿಗೆ ಉಜ್ಜೇತಿ. ಗುದ್ದಿದಾಗ ಗಾಲಿ ಇರಲೇ ಇಲ್ರಿ. ಗಾಡಿ ನಿಂತಿತ್ತು.”

ತಜ್ಞರು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನವೂ ಅವರಿಗೇ ಬಂತು.

ಚಹಾದ ಹೊತ್ತಿಗೆ ನಂಬರ್ ಪ್ಲೇಟನ್ನು ಅವರ ಮುಂದಿಟ್ಟೆ. ವರ್ಷದಿಂದ ಬಾಯಿಪಾಠ ಮಾಡಿಟ್ಟ ಮಾತು ಹೊರಬಂತು.

“ಸಾಹೇಬ್ರ, ಇದು ನಮ್ಮಣ್ಣನ ಗಾಡಿರಿ. ಗಾಲಿ ಇಲ್ಲದ ಗಾಡಿ ಅತಿವೇಗ ಹ್ಯಾಂಗ ಓಡತೈತ್ರಿ?”

ಅವರ ಮುಖ ಇಳಿಯಿತು. ಎಂಥ ಸುಖವಾಯಿತು ನನಗೆ! ಪ್ಲೇಟು ತಿರುಗಿಸಿ ನಂಬರು ಓದಿದರು.

“ತಪ್ಪಾತ್ರಿ ಸರ. ನಾ ಬಗ್ಗಿ ನೋಡಲಿಲ್ಲ. ಆದ್ರ ನಾವ ಹೋದಾಗ ಗಾಡಿ ಬಾಜೂಕ ಸರದಿತ್ತು, ಗಾಲಿನೂ ಇತ್ತಲ್ರಿ. ಯಾರ ಹಚ್ಚಿದ್ರು?”

ಹಚ್ಚಿದವನು ನಾನು. ಅಂದು ಭಾನುವಾರ, ಊರಲ್ಲೇ ಇದ್ದೆ. ಓಡಿ ಹೋಗುವಷ್ಟರಲ್ಲಿ ಅಣ್ಣನನ್ನು ದವಾಖಾನೆಗೆ ಒಯ್ದಿದ್ದರು. ಬಸ್ಸು ನಿಂತು ಜನ ಕೂಗಾಡುತ್ತಿದ್ದರು. ರಿಪೇರಿ ಮಾಸ್ತರನ ಕೈಚಳಕ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ಗಾಲಿ ಹಚ್ಚಿದೆ, ಗಾಡಿ ತಳ್ಳಿಸಿದೆ, ಬೇವಿನ ಟೊಂಗೆಯಿಂದ ಗಾಜನ್ನೂ ಗುಡಿಸಿದೆ. ಶಾಬಾಸ್ ಎಂದರು. ಆಮೇಲೆ ಅಣ್ಣ ಗಾಲಿ ಬಿಚ್ಚಿದ್ದೆ, ಬಿಚ್ಚಿದ್ದೆ ಎಂದು ಬಡಕೊಂಡಾಗ, ತಲೆಗೆ ಪೆಟ್ಟು ಬಿದ್ದಿದೆ, ಏನೋ ಹಲಬುತ್ತಾನೆ ಎಂದರು ಮನೆಯವರು. ಸಾಕ್ಷ್ಯ ಅಳಿಸಿದ ಕೇಸು ಬಿದ್ದು ನನ್ನ ನೌಕರಿಗೆ ಕುತ್ತು ಬಂದೀತೆಂದು ನಾನೂ ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇದೆಲ್ಲ ತಡವರಿಸುತ್ತ ಹೇಳಿದೆ. ಹವಾಲ್ದಾರರು ಬಯ್ಯಲಿಲ್ಲ. ಎರಡು ಬಿಳಿ ಹಾಳೆ ತಂದು ಒಂದನ್ನು ನನ್ನ ಕಡೆ ಸರಿಸಿದರು.

“ನಡದದ್ದು ಬರೀರಿ ಸರ. ನಂದೂ ನಾ ಬರೀತೇನಿ. ಇಬ್ಬರೂ ಕೂಡೇ ನಮ್ಮ ಠಾಣೆ ಸಾಹೇಬರ ಕಡೆ ಹೋಗೂಣು.”

ಅವರ ಹಾಳೆ ತುಂಬಿತು. ನಾನು ಇನ್ನೂ ನನ್ನ ಹೆಸರನ್ನೇ ಬರೆಯುತ್ತಿದ್ದೆ.